ಸಲಾಲಾಕ್ಕೆ ಒಂದೂವರೆ ಗಂಟೆ

ಮಸ್ಕತ್ತಿನಿಂದ ಸಲಾಲಾಕ್ಕೆ ವಿಮಾನದಲ್ಲಿ ಒಂದೂವರೆ ಗಂಟೆ ಸಾಕು. ಕಾರಿನಲ್ಲಾದರೆ ಸಾವಿರ ಕಿಲೋಮೀಟರ್ ಮರುಭೂಮಿ, ಒಂದು ಹಗಲು ಪೂರ್ತಿ ಬೇಕು. ರುಸೈಲ್‌ನ ಕಾರ್ಖಾನೆಯೊಂದರಲ್ಲಿ ಸೇಲ್ಸ್ ನೋಡಿಕೊಳ್ಳುವ ನನ್ನ ಗಂಡ ಆಗಾಗ ಗಿರಾಕಿಗಳನ್ನು ಕಾಣಲು ಅಲ್ಲಿಗೆ ಹೋಗುತ್ತಿದ್ದರು. ಕಾರನ್ನು ಏರ್‌ಪೋರ್ಟಿನಲ್ಲಿ ಬಿಟ್ಟು ವಿಮಾನ ಹತ್ತುವುದು, ಇಳಿದ ಕೂಡಲೇ ನನಗೆ ಫೋನ್ ಮಾಡುವುದು ಅವರ ರೂಢಿ.

ಆ ವರ್ಷ ಬೆಳಗಿನ ಫೋನ್ ಸಂಜೆಗೆ ಜಾರಿತು.

"ಇಳಿದದ್ದೇ ಮೀಟಿಂಗ್ ಮಾರಾಯ್ತಿ," ಎಂದರು. ನಂಬಿದೆ. ಆದರೆ ಹಿಂದಿರುಗಿ ಬಂದಾಗ ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಕಾರಿನ ಗಾಜಿನ ತುಂಬ ಸತ್ತ ಹುಳಗಳು. ಪಾರ್ಕಿಂಗಿನಲ್ಲಿ ನಿಂತ ಕಾರಿಗೆ ಹುಳ ಎಲ್ಲಿಂದ ಬಡಿಯುತ್ತದೆ?

ಮಸ್ಕತ್ತಿನ ಹಮ್ರಿಯಾದಲ್ಲಿದ್ದ ನಮ್ಮ ಕಟ್ಟಡದ ಕೆಳಮನೆಯಲ್ಲಿ ಉಡುಪಿ ಕಡೆಯ ಕೊಂಕಣಿ ಕುಟುಂಬವಿತ್ತು. ಅವರು ಸಲಾಲಾದ ಮಳೆಗಾಲದ ತುಂತುರು ನೋಡಲು ಕಾರಿನಲ್ಲಿ ಹೋಗಿ ಬಂದಿದ್ದರು. ಆ ಮನೆಯಾಕೆ ಲಿಫ್ಟಿನಲ್ಲಿ ಸಿಕ್ಕಿ, "ನಿಮ್ಮವರನ್ನು ದಾರಿಯಲ್ಲಿ ಪೆಟ್ರೋಲ್ ಬಂಕ್ ಹತ್ರ ನೋಡಿದೆವು. ಚಾ ಕುಡೀತಾ ಇದ್ರು. ಒಬ್ರೇ ಇದ್ರು ಆಯ್ತಾ," ಎಂದರು.

ಒಬ್ಬರೇ ಇದ್ದರೇ ಎಂದು ನಾನು ಕೇಳಿರಲಿಲ್ಲವಲ್ಲ. ಆ ಮಾತು ಮುಳ್ಳಿನಂತೆ ಚುಚ್ಚಿತು. ಅವರು ಸ್ನಾನಕ್ಕೆ ಹೋದಾಗ ಅಂಗಿಗಳನ್ನು ಮೂಸಿ ನೋಡಿದೆ. ಧೂಳು, ಬೆವರು, ಅಷ್ಟೇ. ಅದರಿಂದಲೂ ಸಮಾಧಾನವಾಗಲಿಲ್ಲ.

ಮುಂದಿನ ಸಲ, "ನಾನೂ ಬರ್ತೇನೆ, ಟಿಕೆಟ್ ಮಾಡಿ," ಎಂದೆ. ಅವರ ಮುಖ ಬಿಳಿಚಿತು. ಆದರೂ ಇಬ್ಬರಿಗೂ ಟಿಕೆಟ್ ಮಾಡಿದರು. ಸಿಕ್ಕಿಬಿದ್ದರು ಎಂದುಕೊಂಡೆ.

ವಿಮಾನ ಹತ್ತಲು ಕರೆದಾಗ ಎಲ್ಲರೂ ಎದ್ದರು. ಇವರು ಏಳಲಿಲ್ಲ.

"ನನ್ನಿಂದ ಆಗುದಿಲ್ಲ."

"ಎಂತ ಆಗುದಿಲ್ಲ? ಅಲ್ಲಿ ಯಾರಿದ್ದಾರೆ, ಹೇಳಿಬಿಡಿ."

ಅವರು ಅರ್ಥವಾಗದವರಂತೆ ನನ್ನನ್ನೇ ನೋಡಿದರು. ಆಮೇಲೆ ಎಲ್ಲ ಹೇಳಿದರು. ಹಿಂದಿನ ಚಳಿಗಾಲದಲ್ಲಿ ಗಾಳಿಗೆ ಸಿಕ್ಕಿದ ವಿಮಾನ ನೆಲದ ಹತ್ತಿರ ಬಂದು ಮತ್ತೆ ಮೇಲೇರಿತಂತೆ. ಪಕ್ಕದ ಒಮಾನಿ ಮುದುಕ ಇವರ ಕೈ ಹಿಡಿದು ಪ್ರಾರ್ಥಿಸಿದನಂತೆ. ಅಂದಿನಿಂದ ಕಾರಿನಲ್ಲೇ ಓಡಾಟ.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಊರಿಗೆ ಹೇಗೆ ಹೋಗುದು ಅಂತ ಕೇಳ್ತಿದ್ದಿ. ನನಗೂ ಗೊತ್ತಿರಲಿಲ್ಲ."

ವಿಮಾನ ನಮ್ಮನ್ನು ಬಿಟ್ಟು ಹೋಯಿತು. ನಾವು ಕಾರಿನಲ್ಲಿ ಹೊರಟೆವು. ಗಂಟೆಗಟ್ಟಲೆ ಒಂದೇ ನೇರ ರಸ್ತೆ, ಎರಡೂ ಕಡೆ ಬೋಳು ನೆಲ. ಇದನ್ನು ಒಬ್ಬರೇ ಇಷ್ಟು ಸಲ ದಾಟಿದರೇ ಎಂದು ಮರುಕ ಬಂತು. ಆದರೂ ಅವರ ಫೋನ್ ಹೊಡೆದುಕೊಂಡಾಗಲೆಲ್ಲ ನನ್ನ ಕಣ್ಣು ಅತ್ತಲೇ ಹೋಗುತ್ತಿತ್ತು.

ಮರುವಾರ ಅವರು ಮ್ಯಾನೇಜರರಿಗೆ ನಿಜ ಹೇಳಿದರು. ಆತ, "ಖಲಾಸ್, ಆಯ್ತು ಬಿಡು, ಕಾರಲ್ಲೇ ಹೋಗು," ಎಂದನಂತೆ. ರಜೆಗೆ ಮಂಗಳೂರಿಗೆ ಹೊರಟಾಗ ಡಾಕ್ಟರು ಕೊಟ್ಟ ಮಾತ್ರೆ ನುಂಗಿ, ಕಣ್ಣು ಮುಚ್ಚಿ ನನ್ನ ಪಕ್ಕ ಕುಳಿತರು. ವಿಮಾನ ಇಳಿಯುವವರೆಗೂ ಕೈ ಬಿಡಲಿಲ್ಲ. ನನ್ನ ಬೆರಳು ಜೋಮು ಹಿಡಿದಿತ್ತು.