ಗಿರಾಕಿಯ ಪಾತ್ರ

ಸಿಂದಗಿಯಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಹೊಲದ ಪಂಪಿನ ಮೋಟಾರ್ ಸುಟ್ಟರೆ ಹಳೆಯ ತಂತಿ ಕಿತ್ತು ಹೊಸದು ಸುತ್ತಿಕೊಡುವ ಕೆಲಸ. ಏಳನೆಯ ತರಗತಿಗೇ ಸಾಲಿ ಬಿಟ್ಟವನು ನಾನು. ಅದನ್ನು ಎಂದೂ ಮುಚ್ಚಿಟ್ಟಿಲ್ಲ. ಇಂಡಿಯಿಂದ, ಮುದ್ದೇಬಿಹಾಳದಿಂದ ಮೋಟಾರ್ ಹೇರಿಕೊಂಡು ಬರುವ ಜನ ನಾನೆಷ್ಟು ಓದಿದ್ದೇನೆಂದು ಕೇಳುವುದಿಲ್ಲ. ಹೈಸ್ಕೂಲಿನ ವೃತ್ತಿ ಶಿಕ್ಷಣದ ಮಾಸ್ತರರು ಒಮ್ಮೆ ಅಂಗಡಿಗೇ ಬಂದರು. "ರಿಪೇರಿ ನಾವು ಕಲಸ್ತೇವ್ರಿ. ಸ್ವಂತ ಅಂಗಡಿ ಹ್ಯಾಂಗ ನಡಸೋದು ಅನ್ನೋದು ನೀವು ಹೇಳ್ರಿ. ಅದು ನಮಗ ಬರಂಗಿಲ್ಲ," ಎಂದರು. ನನ್ನ ಎದೆ ಉಬ್ಬಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವಾರಕ್ಕೊಮ್ಮೆ ಶಾಲೆಗೆ ಹೋಗತೊಡಗಿದೆ.

ಈ ಧಂದೆಯಲ್ಲಿ ಕೆಲಸಕ್ಕಿಂತ ಮಾತು ಕಷ್ಟ. ಮೋಟಾರ್ ಸುಟ್ಟುಕೊಂಡು ಬಂದವನ ಬೆಳೆ ಅಲ್ಲಿ ಬಾಡುತ್ತಿರುತ್ತದೆ, ಅವನ ಸಿಟ್ಟೆಲ್ಲ ನಮ್ಮ ಮೇಲೆ. ಅದನ್ನು ತಾಳಿಕೊಳ್ಳುವುದು ಮಕ್ಕಳಿಗೆ ಬರಲೆಂದು ಒಂದು ದಿನ ಆಟ ಹೂಡಿದೆ. ಅವರು ಅಂಗಡಿಯವರು, ನಾನು ಗಿರಾಕಿ. ಮೊದಲಿಬ್ಬರು ಹುಡುಗರಿಗೆ ಹದವಾಗಿ ಬೈದೆ. ಮೂರನೆಯವಳು ಯಂಕಂಚಿಯ ಹುಡುಗಿ, ಹತ್ತನೆಯ ತರಗತಿ. ತಂತಿ ಸುತ್ತುವುದರಲ್ಲಿ ಅವಳ ಕೈಯ ನಯ ನನ್ನ ಅಂಗಡಿಯ ಕೆಲಸಗಾರರಿಗೂ ಇರಲಿಲ್ಲ. ಮೇಜಿನ ಹಿಂದೆ ನಿಂತು, "ಬರ್ರಿ ಕಾಕಾ, ಏನಾಗೇತ್ರಿ?" ಎಂದಳು.

"ನಿಮ್ಮಣ್ಣನ್ನ ಕರಿ."

"ನಾನ ನೋಡ್ತೇನ್ರಿ."

"ಹುಡುಗಿ ಕೈಯಾಗ ಮೋಟಾರ್ ಕೊಟ್ಟು ನಾ ಕಬ್ಬು ಒಣಗಿಸ್ಕೊಳ್ಳೇನು? ಒಳಗ ಗಂಡಸ್ರು ಯಾರೂ ಇಲ್ಲೇನ?"

"ಅಂಗಡಿ ನಂದ ಐತ್ರಿ ಕಾಕಾ. ಸಂಜಿಮುಂದ ಬರ್ರಿ, ಓಡಿಸಿ ತೋರಿಸ್ತೇನಿ."

"ಮೊದಲ ರೊಟ್ಟಿ ಬಡಿಯೂದು ಕಲಿ ಹೋಗು. ಬಳಿ ತೊಟ್ಟ ಕೈ ಇದಕ್ಕ ಹಚ್ಚಬ್ಯಾಡ."

ಹುಡುಗರು ಬೆಂಚು ಬಡಿದು ನಕ್ಕರು. ನಾನೂ ನಕ್ಕೆ. ಅವಳು ಕೈಯಲ್ಲಿದ್ದ ಟೆಸ್ಟರನ್ನು ಮೇಜಿನ ಮೇಲಿಟ್ಟು, "ಆತ್ರಿ," ಎಂದು ಹೋಗಿ ಕುಳಿತಳು.

ಮುಂದಿನ ವಾರ ಅವಳ ಜಾಗ ಖಾಲಿ. ಅದರ ಮುಂದಿನ ವಾರವೂ ಖಾಲಿ. "ಉಳಿದ ಕ್ಲಾಸಿಗೆ ಬರ್ತಾಳ್ರಿ. ನಿಮ್ಮ ತಾಸಿಗಷ್ಟ ಬರೂದಿಲ್ಲ," ಎಂದರು ಮಾಸ್ತರರು. "ಹಿಂಗ ಆದ್ರ ಈ ವಿಷಯದ ಪ್ರಾಕ್ಟಿಕಲ್ ಪರೀಕ್ಷಾ ಕೈ ಬಿಟ್ಟು ಹೋಗತೈತಿ."

ಅದು ಬರೀ ಆಟವೆಂದು ಸುಮ್ಮನಿರಬಹುದಿತ್ತು. ಆದರೆ ತಂತಿ ಸುತ್ತುತ್ತ ಕುಳಿತಾಗ ಆ ಮಾತುಗಳು ನನ್ನದೇ ದನಿಯಲ್ಲಿ ಕಿವಿಗೆ ಬೀಳುತ್ತಿದ್ದವು. ಸುತ್ತಿನ ಎಣಿಕೆ ತಪ್ಪುತ್ತಿತ್ತು, ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ಹುಡುಗರನ್ನು ಬೈಯಲು ಮಾತು ಹುಡುಕಬೇಕಾಗಿತ್ತು. ಅವಳೆದುರು ಒಂದು ಸಲವೂ ತಡವರಿಸಿರಲಿಲ್ಲ. ಅವು ನನ್ನೊಳಗೆ ಎಲ್ಲಿದ್ದವು, ಇಷ್ಟು ವರ್ಷ ಯಾರಿಗಾಗಿ ಕಾದಿದ್ದವು?

ಒಂದು ರವಿವಾರ ಸಣ್ಣದೊಂದು ಮೋಟಾರನ್ನು ಬೈಕಿಗೆ ಕಟ್ಟಿಕೊಂಡು ಯಂಕಂಚಿಗೆ ಹೋದೆ. "ಬರ್ರಿ ಅಣ್ಣಾರ," ಎಂದು ಅವಳ ತಾಯಿ ನೀರು ಕೊಟ್ಟಳು. ಹುಡುಗಿ ಬಾಗಿಲ ಬಳಿ ನಿಂತಿದ್ದಳು.

"ನೋಡವಾ, ಅವತ್ತಿಂದು ನಾಟಕ," ಎಂದೆ. "ನಿನ್ನ ಕೈಯಾಗ ಕಸುಬು ಐತಿ. ಇಕಾ, ಗಿರಾಕಿ ಮೋಟಾರ್. ನೀನ ಸುತ್ತಿಕೊಡು. ಈ ವಾರದಿಂದ ನನ್ನ ತಾಸಿಗೆ ಬಾ."

ಅವಳ ಮುಖ ಅರಳಿತು. ಪಾನಾ ತಂದು, ಚಕ್ಕಳಮಕ್ಕಳ ಹಾಕಿ ಕುಳಿತು ಬೋಲ್ಟು ಬಿಚ್ಚತೊಡಗಿದಳು. "ಯಾವೂರವರದ್ರಿ?"

"ಮಸೂತಿ ಊರವರದು. ಮೊನ್ನೆ ಸುಟ್ಟೇತಿ."

ಮುಚ್ಚಳ ತೆಗೆದು ಒಳಗೆ ನೋಡಿದವಳು ಕೈ ನಿಲ್ಲಿಸಿದಳು. ಬೆರಳಿನಿಂದ ಒಳಗಿನ ಮಣ್ಣು ಕೆರೆದಳು.

"ಕಾಕಾ, ಒಳಗ ಕಣಜದ ಹುಳ ಮಣ್ಣಿನ ಗೂಡು ಕಟ್ಯಾವ್ರಿ. ಮೂರ ನಾಕ ಗೂಡು. ಇದು ವರ್ಷಗಟ್ಟಲೆ ಮೂಲ್ಯಾಗ ಬಿದ್ದದ್ದು."

ನಿಜ. ಅಂಗಡಿಯ ಹಿಂದಿನ ಗುಜರಿಯಿಂದ ಎತ್ತಿ ತಂದಿದ್ದೆ. ಅಂದು ಬೆಳಿಗ್ಗೆ ಗಿರಾಕಿಗಳ ಐದು ಮೋಟಾರ್ ಬಾಗಿಲಲ್ಲೇ ಇದ್ದವು. ಒಂದರ ಮೇಲೆ ಕೈಯಿಟ್ಟು, ಹಿಂದಕ್ಕೆ ತೆಗೆದಿದ್ದೆ.

ಅವಳು ಒಂದೊಂದೇ ಬೋಲ್ಟನ್ನು ಅದರದರ ತೂತಿಗೆ ಹಾಕಿ ಬಿಗಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ ತಾಯಿ ನನ್ನನ್ನೇ ನೋಡುತ್ತಿದ್ದಳು. "ಖರೇನ ಗಿರಾಕಿದು ಇದ್ದಿದ್ರ ಮಾಡ್ತಿದ್ದೆನ್ರಿ," ಎಂದು ಹುಡುಗಿ ಮೋಟಾರನ್ನು ನನ್ನ ಕಡೆ ಸರಿಸಿದಳು.

ಆ ವಾರ ಅವಳಿಗೆ ಒಯ್ಯಲೆಂದು ಎರಡು ಸಲ ಗಿರಾಕಿಯ ಮೋಟಾರನ್ನು ಬೈಕಿಗೆ ಕಟ್ಟಿದೆ. ಎರಡು ಸಲವೂ ಬಿಚ್ಚಿ ಇಳಿಸಿದೆ. ಕೆಟ್ಟರೆ ಹೆಸರು ಹೋಗುವುದು ನನ್ನದು ಎಂದುಕೊಂಡೆ. ಅವಳ ಕೈಯಲ್ಲಿ ಅದು ಕೆಡುವುದಿಲ್ಲವೆಂದು ನನಗೆ ಗೊತ್ತಿತ್ತು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ನಾನೂ ಶಾಲೆಗೆ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಮಾಸ್ತರರು ಹಾಜರಿ ಕರೆದರು. ಅವಳ ಹೆಸರಿಗೆ ಯಾರೂ ಓಗೊಡಲಿಲ್ಲ. ಅವರು ತಲೆಯೆತ್ತಿ ನನ್ನ ಮುಖ ನೋಡಿ, ಇನ್ನೊಮ್ಮೆ ಕರೆದರು.