ಮುಂಬೈಯಲ್ಲಿ ಹಗೇವು ಹುಡುಕಿದ್ದು

ಮುದ್ದೇಬಿಹಾಳದಿಂದ ಬಾಗೇವಾಡಿಗೆ ಆಗ ಬಸ್ಸಿನ ಚಾರ್ಜು ಎರಡು ರೂಪಾಯಿ. ಕಂಡಕ್ಟರ್ ಕೊಟ್ಟ ಟಿಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದೆ, ಎಲ್ಲ ಸರಿಯಿತ್ತು. ಸರಿಯಿದ್ದರೂ ನನಗೆ ಅನುಮಾನವೇ. ಮೂವತ್ತು ವರ್ಷ ಪರೀಕ್ಷೆಯ ಕೋಣೆಯಲ್ಲಿ ಹುಡುಗರ ಅಂಗಿಯ ತೋಳು ಬಿಚ್ಚಿಸಿ ನೋಡಿದ ಸಾಲಿ ಮಾಸ್ತರ ನಾನು. ಅದಕ್ಕೇ ತಂಗಿ ಈ ಕೆಲಸಕ್ಕೆ ನನ್ನನ್ನೇ ಆರಿಸಿದ್ದಳು.

ಕೆಲಸ ಇಷ್ಟು. ಸಿಂದಗಿಯಲ್ಲಿರುವ ತಂಗಿಯ ಮಗಳು ನೀಲಾಳಿಗೆ ಬಾಗೇವಾಡಿಯ ಗುರುಪಾದನೆಂಬ ಹುಡುಗ ಗೊತ್ತಾಗುವುದರಲ್ಲಿದ್ದ. ಆರು ವರ್ಷದಿಂದ ಮುಂಬೈಯಲ್ಲಿ ಗುಮಾಸ್ತ. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಮನೆತನ ನೋಡಬೇಕು. ನೆಲದೊಳಗೆ ಜೋಳ ತುಂಬಿಡುವ ಹಗೇವಿನ ಬಾಯಿ ತೆಗೆಸಿ ಕಾಳು ಎಷ್ಟಿದೆ ಎಂದು ಇಣುಕಬೇಕು, ಎತ್ತಿನ ಬೆನ್ನು ಸವರಬೇಕು, ನೆರೆಮನೆಯವರನ್ನು ಮಾತಿಗೆಳೆಯಬೇಕು. ಹುಡುಗ ಮುಂಬೈಯಲ್ಲಿದ್ದರೆ ಮುಂಬೈಗೇ ಹೋಗಬೇಕು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಸುಮ್ಮನೆ ಕೂಡಲು ನಾನು ಸಿದ್ಧನಿರಲಿಲ್ಲ.

ಎಪ್ಪತ್ತೆರಡರ ಬರ ಕಳೆದು ಮೂರು ವರ್ಷವಾಗಿತ್ತು. ದೀಪಾವಳಿಯ ಸೂಟಿ, ದಾರಿಯುದ್ದಕ್ಕೂ ಜೋಳ ಮೊಣಕಾಲುದ್ದ ನಿಂತಿತ್ತು. ಬಾಗೇವಾಡಿಯಲ್ಲಿ ಇಳಿದು ಹುಡುಗನ ಮನೆಗೆ ಹೋದೆ. ತಂದೆ ಚಹ ಕೊಡಿಸಿ ಮಗನ ಪತ್ರಗಳನ್ನು ಹರಡಿದರು.

"ನಮ್ಮ ಗುರುಪಾದ ಐತವಾರ ಬಂತಂದ್ರ ಮನ್ಯಾಗ ಕುಂದ್ರಾಂಗಿಲ್ರಿ ಮಾಸ್ತರ್ರ. ಮ್ಯೂಜಿಯಮ್ಮು, ಚಿತ್ರದ ಪ್ರದರ್ಶನ, ಸಮುದ್ರ, ಒಂದಾ ಎರಡಾ! ಸ್ವಂತ ಖೋಲಿ ಐತ್ರಿ ಅವಂಗ."

ಮನೆಯಲ್ಲಿ ಕೂಡದ ಗಂಡಸು ಎಂದರೆ ನನಗೆ ಮೊದಲೇ ಆಗದು. ಹೇಳದೆ ಹೋಗಿ ಹಿಡಿಯಬೇಕೆಂದಿದ್ದೆ. ಆದರೆ ನಾನು ಅಂಗಳ ದಾಟುವುದರೊಳಗೆ ಆ ಪುಣ್ಯಾತ್ಮರು ಮಗನಿಗೆ ತಂತಿ ಕಳಿಸಲು ಅಂಚೆ ಕಚೇರಿಗೆ ಹೊರಟಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಈ ಮನೆಯವರು ಎಷ್ಟನೆಯ ಸುಳ್ಳಿನಲ್ಲಿದ್ದಾರೆಂದು ಲೆಕ್ಕ ಹಾಕುತ್ತ ದೇವರ ಹಿಪ್ಪರಗಿಯ ಮೇಲೆ ಹಾಯ್ದು ಸಿಂದಗಿಗೆ ಬಂದೆ.

ನೀಲಾ ಮೆಟ್ರಿಕ್ ಪಾಸಾದವಳು, ಮಾತು ಕಡಿಮೆ. ಹೊರಡುವಾಗ ಸಜ್ಜೆ ರೊಟ್ಟಿಯ ಗಂಟು ಕೈಗಿಟ್ಟು, "ಮಾಮಾ, ಮನಿ ನೀವು ನೋಡ್ರಿ. ಕೆಲಸ ಇಲ್ದಾಗ ಅವರು ಹೊತ್ತು ಹೆಂಗ ಕಳೀತಾರ, ಅದನ್ನಷ್ಟ ನನಗ ಹೇಳ್ರಿ" ಎಂದಳು.

ಸಿಂದಗಿಯಿಂದ ಇಂಡಿಗೆ ಇನ್ನೊಂದು ಬಸ್ಸು. ಸ್ಟ್ಯಾಂಡಿನಲ್ಲಿ ಲಿಂಬೆಹಣ್ಣಿನ ಚೀಲಗಳ ನಡುವೆ ಎರಡು ತಾಸು ಕುಳಿತೆ. ರೈಲು ಸ್ಟೇಷನ್ನು ಊರಿನಿಂದ ದೂರ. ಅಲ್ಲಿಂದ ಸಣ್ಣ ಗಾಡಿ ಹಿಡಿದು ಸೊಲ್ಲಾಪುರ, ಸೊಲ್ಲಾಪುರದಿಂದ ಮುಂಬೈ. ಗಂಟನ್ನು ತಲೆಗೆ, ಚಪ್ಪಲಿಯನ್ನು ಗಂಟಿನ ಕೆಳಗೆ ಇಟ್ಟು ಮಲಗಿದೆ. ಯಾರೂ ಕದಿಯಲಿಲ್ಲ.

ಬೆಳಿಗ್ಗೆ ಬೋರಿಬಂದರ ಸ್ಟೇಷನ್ನಿನಲ್ಲಿ ಗುರುಪಾದ ನಿಂತಿದ್ದ. ತೆಳ್ಳಗಿನ ಹುಡುಗ, ಎಣ್ಣೆ ಕಾಣದ ತಲೆ, ಇಸ್ತ್ರಿಯ ಅಂಗಿ. ಕಾಲು ಮುಟ್ಟಿದ. ಆಮೇಲೆ ನನ್ನ ಚೀಲವನ್ನು ಮನೆಗೆ ಒಯ್ಯದೆ ಸ್ಟೇಷನ್ನಿನ ಸಾಮಾನು ಕೋಣೆಯಲ್ಲಿ ಇಟ್ಟ!

"ಸಂಜಿಗೆ ಒಯ್ಯೂನ್ರಿ ಮಾಸ್ತರ್ರ. ಇಲ್ಲೇ ಸ್ನಾನಕ್ಕ ಅನುಕೂಲ ಐತಿ. ನಾಕು ದಿನ ರಜಾ ಹಾಕೇನಿ, ನಿಮಗ ಮುಂಬೈ ತೋರಸ್ತೇನಿ."

ಮುಂಜಾನೆ ಬಂದ ಬೀಗರಿಗೆ ಸಂಜೆಯ ತನಕ ಮನೆ ತೋರಿಸದವನನ್ನು ಏನೆನ್ನಬೇಕು? ಉಪ್ಪಿಟ್ಟು ತಿನ್ನಿಸಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದ. ಬಾಗಿಲ ಕಾವಲುಗಾರ ಅವನನ್ನು ಕಂಡು ನಕ್ಕ. ಫ್ಯಾನು ಯಾವ ಕೋಣೆಯಲ್ಲಿ ತಿರುಗುತ್ತದೆ, ಮಧ್ಯಾಹ್ನ ಯಾವ ಬೆಂಚಿಗೆ ಬಿಸಿಲು ಬರುವುದಿಲ್ಲ, ಎಲ್ಲ ಅವನಿಗೆ ಬಾಯಿಪಾಠ. ರಾಜನೊಬ್ಬ ಬೇಟೆಗೆ ಹೊರಟ ಹಳೆಯ ಚಿತ್ರವೊಂದರ ಮುಂದೆ ನಿಲ್ಲಿಸಿ, "ಇದರಾಗ ಒಂದು ನಾಯಿ ಐತಿ, ಹುಡುಕ್ರಿ. ನನಗ ಸಿಗಬೇಕಾದ್ರ ಎರಡು ವರ್ಷ ಹಿಡೀತ್ರಿ" ಎಂದ. ನಾಯಿ ಹುಡುಕಲು ನಾನು ಇಲ್ಲಿಗೆ ಬಂದಿರಲಿಲ್ಲ.

ಆರು ಹೊಡೆದ ಮೇಲೆಯೇ ಪರಳದ ಚಾಳಿಗೆ, ಸಾಲು ಖೋಲಿಗಳ ಹಳೆಯ ವಠಾರಕ್ಕೆ, ಹೋದೆವು. ಮೂರನೆಯ ಅಂತಸ್ತು, ಮೆಟ್ಟಿಲ ಪಕ್ಕದ ಇರುಕು ಖೋಲಿ. ಒಂದು ಕಾಟು, ಒಂದು ಸ್ಟೋವು, ಮಡಚಿಟ್ಟ ಚಾಪೆ. ಗುರುಪಾದ ಮೊದಲು ಮಾಡಿದ ಕೆಲಸವೆಂದರೆ ಗಾದಿಯನ್ನು ಮಗುಚಿ ಹಾಕಿದ್ದು. ನನ್ನನ್ನು ಕಾಟಿನ ಮೇಲೆ ಕೂರಿಸಿ ನೀರಿಗೆ ಹೋದ. ನಾನು ದಿಂಬಿನ ಕೆಳಗೆ ಕೈಯಿಟ್ಟೆ. ದಿಂಬು ಬೆಚ್ಚಗಿತ್ತು! ಮೂಸಿದೆ. ತಲೆಗೆಣ್ಣೆಯ ಘಮ. ಎಣ್ಣೆಯನ್ನೇ ಹಚ್ಚದ ಹುಡುಗನ ದಿಂಬಿನಲ್ಲಿ ಎಣ್ಣೆ ಎಲ್ಲಿಂದ ಬಂತು? ಯಾವಳೋ ಇದ್ದಾಳೆ, ನಾವು ಬರುವ ಹೊತ್ತಿಗೆ ಎದ್ದು ಹೋಗಿದ್ದಾಳೆ ಎಂದುಕೊಂಡೆ. ಹಗೇವು ಸಿಕ್ಕಿತು, ಒಳಗೆ ಹಾವಿದೆ.

ಅವನು ನನಗೆ ಕಾಟು ಬಿಟ್ಟು ನೆಲದ ಮೇಲೆ, ಅರ್ಧ ಮೈ ಕಾಟಿನಡಿ ಹೋಗುವಂತೆ ಮಲಗಿದ. ನೀಲಾಳಿಗೆ ಇದನ್ನು ಹೇಗೆ ಹೇಳಲಿ ಎಂದು ಲೆಕ್ಕ ಹಾಕುತ್ತ ನಾನು ಮಗ್ಗುಲು ಬದಲಿಸಿದೆ.

ಮರುದಿನ ಏಳಕ್ಕೇ ಹೊರಗೆ. ಗಾಜಿನ ಪೆಟ್ಟಿಗೆಯ ಮೀನುಗಳು, ಗುಡ್ಡದ ತೋಟ, ಪುಕ್ಕಟೆ ಚಿತ್ರಪ್ರದರ್ಶನ. ಒಂದು ಚಿತ್ರದಲ್ಲಿ ಬರೀ ಕೆಂಪು ಬಳಿದಿದ್ದರು, ಅದರ ಮುಂದೆ ಅವನು ಹತ್ತು ನಿಮಿಷ ನಿಂತ. "ಸಾಕಪ್ಪಾ, ಕಾಲು ಬಿದ್ದು ಹೋದವು, ಮನಿಗೆ ಹೋಗಿ ಅಡ್ಡಾಗೂನು" ಎಂದೆ, ಮುಖವನ್ನೇ ನೋಡುತ್ತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಆದ.

"ಬ್ಯಾಡ್ರಿ, ಖೋಲ್ಯಾಗ ಧಗಿ ಭಾಳ. ಇಲ್ಲೇ ಗಾಳಿ ಚೊಲೋ ಐತ್ರಿ."

ಆ ಸಂಜೆಯೂ ದಿಂಬು ಬೆಚ್ಚಗಿತ್ತು.

ಮೂರನೆಯ ದಿನ ಮತ್ತೆ ಅದೇ ವಸ್ತುಸಂಗ್ರಹಾಲಯ. ಪಾಯಖಾನೆಗೆ ಹೋಗಿ ಬರುತ್ತೇನೆಂದು ಹೇಳಿ ನೇರ ಬೀದಿಗಿಳಿದೆ. ಗಡಿಯ ಕಡೆಯವರಿಗೆ ಮರಾಠಿ ಹೊಸದಲ್ಲ, ಕೇಳುತ್ತ ಕೇಳುತ್ತ ಪರಳದ ಬಸ್ಸು ಹಿಡಿದೆ. ಮಧ್ಯಾಹ್ನ ಹನ್ನೆರಡಕ್ಕೆ ಖೋಲಿಯ ಬಾಗಿಲು ನೂಕಿದೆ. ಒಳಗೆ ಕತ್ತಲು, ಕಿಟಕಿಗೆ ಗೋಣಿ ಕಟ್ಟಿತ್ತು. ಕಾಟಿನ ಮೇಲೆ ತಲೆಯಿಂದ ಕಾಲತನಕ ಚಾದರ ಹೊದ್ದ ಒಂದು ದೇಹ. ಕಾಪಿ ಹೊಡೆಯುವ ಹುಡುಗನ ಕೈ ಹಿಡಿದ ಹುರುಪಿನಲ್ಲಿ ಚಾದರ ಎಳೆದೆ.

ದಪ್ಪ ಮೀಸೆ, ನಲವತ್ತರ ವಯಸ್ಸು, ಎಣ್ಣೆ ಹಚ್ಚಿದ ಕೂದಲಲ್ಲಿ ಹತ್ತಿಯ ಎಳೆಗಳು. ಕಣ್ಣು ತೆರೆಯದೆಯೇ, "ಆರು ಆತೇನೋ ಗುರುಪಾದ?" ಎಂದ.

"ಗುರುಪಾದ ಅಲ್ಲ. ನೀ ಯಾರು?"

ಗಡಬಡಿಸಿ ಎದ್ದು ಕುಳಿತ. "ನಾನ್ರಿ? ನಾ ಹಗಲಿನಾಂವರಿ. ಅಂವ ರಾತ್ರಿಯಾಂವ."

ಇಂಡಿಯ ಮೈಬೂಬಸಾಬ. ಬಟ್ಟೆ ಗಿರಣಿಯಲ್ಲಿ ರಾತ್ರಿ ಪಾಳಿ. ಆರು ವರ್ಷದಿಂದ ಇಬ್ಬರಿಗೂ ಒಂದೇ ಖೋಲಿ, ಒಂದೇ ಕಾಟು, ಗಾದಿಯ ಒಂದು ಮಗ್ಗುಲು ಇವನದು, ಇನ್ನೊಂದು ಅವನದು. ನಾನು ಯಾರೆಂದು ತಿಳಿದ ಕೂಡಲೇ ಅವನ ಮುಖ ಸಣ್ಣದಾಯಿತು.

"ಮಾಸ್ತರ್ರ, ಅಂವ ನಿಮಗ ಹೇಳಿಲ್ಲ ಅಂತ ಸಿಟ್ಟಾಗಬ್ಯಾಡ್ರಿ. ರಾತ್ರಿ ಎಲ್ಲಾ ಮಗ್ಗದ ಸಪ್ಪಳ ಕೇಳಿ ಕೇಳಿ ನನಗ ಹಗಲಾಗ ಸೂಜಿ ಬಿದ್ರೂ ಎಚ್ಚರ ಆಗ್ತೈತಿ. ಅದಕ್ಕ ಸೂಟಿ ಇದ್ರೂ ಅಂವ ಮನ್ಯಾಗ ಕುಂದ್ರಾಂಗಿಲ್ಲ. ನಿನ್ನ ನಿದ್ದಿ ನಿನಗಿರಲಿ, ನಾ ಚಿತ್ರ ನೋಡಿ ಬರ್ತೇನಿ ಅಂತ ಹೋಗ್ತಾನ. ಹ್ವಾದ ವರ್ಷ ನನಗ ಇಪ್ಪತ್ತೊಂದು ದಿನದ ಜ್ವರ ಬಂತ್ರಿ. ಆಗ ತನ್ನ ರಾತ್ರೀನೂ ನನಗ ಬಿಟ್ಟ. ಎಲ್ಲಿ ಮಲಗಿದ್ದಿ ಅಂದ್ರ ಇವತ್ತಿಗೂ ಹೇಳಾಂಗಿಲ್ಲ."

ಒಂದೇ ಗಾದಿ, ಒಬ್ಬ ಲಿಂಗವಂತ, ಒಬ್ಬ ಮುಸಲ್ಮಾನ. ಊರಲ್ಲಿ ನಾಲ್ಕು ಮಂದಿ ಏನೆಂದಾರು ಎಂಬುದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಮೊದಲು ನಾಚಿಕೆಯಾಯಿತು. ದುಡಿದು ಬಂದವನ ನಿದ್ದೆ ಕೆಡಿಸಿದ್ದೆ. "ಮಲಕೋಪಾ, ನಾ ಬಂದದ್ದು ಅವಂಗ ಹೇಳಬ್ಯಾಡ" ಎಂದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಬಂದೆ.

ಗುರುಪಾದ ಕೋಣೆಯಿಂದ ಕೋಣೆಗೆ ಓಡಾಡುತ್ತ ನನ್ನನ್ನು ಹುಡುಕುತ್ತಿದ್ದ, ಬೆವರಿನಿಂದ ಅಂಗಿ ತೊಯ್ದಿತ್ತು. ಹೊಟ್ಟೆ ಕೆಟ್ಟಿತ್ತು ಎಂದೆ. ಅವನಾಗಿಯೇ ಬಾಯಿ ಬಿಡಲಿ ಎಂದು ಕಾಯುವುದು ನನ್ನ ಕೊನೆಯ ಪರೀಕ್ಷೆ. ಆರು ಗಂಟೆಯವರೆಗೆ ಇಬ್ಬರೂ ಬಿಸಿಲು ಬಾರದ ಬೆಂಚಿನ ಮೇಲೆ ಕುಳಿತೆವು. "ಆ ನಾಯಿ ಎಲ್ಲೈತಿ, ತೋರಸು" ಎಂದೆ. ರಾಜನ ಕುದುರೆಯ ಹಿಂದೆ, ಪೊದೆಯ ನೆರಳಲ್ಲಿ, ಎಲ್ಲರೂ ಬೇಟೆಗೆ ಹೋದರೂ ಅದೊಂದು ಮಾತ್ರ ಮುದುಡಿ ಮಲಗಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ನನ್ನ ಗಾಡಿ. ಸಿಳ್ಳು ಹೊಡೆಯಿತು. ಅವನು ಕಿಟಕಿಯ ಸರಳು ಹಿಡಿದುಕೊಂಡ.

"ಮಾಸ್ತರ್ರ, ಖೋಲಿ ನಂದೊಬ್ಬಂದಲ್ರಿ. ರಾತ್ರಿ ಅಷ್ಟ ನಂದು. ಅಪ್ಪಗೂ ಹೇಳಿಲ್ಲ. ಬ್ಯಾರೆ ಖೋಲಿ ಯಾವಾಗ ಸಿಗ್ತೈತೋ ಅದೂ ಗೊತ್ತಿಲ್ರಿ. ಹುಡುಗಿಗೆ ಇದ್ದದ್ದು ಇದ್ದಾಂಗ ಹೇಳಿಬಿಡ್ರಿ."

"ಈಗ ಎಲ್ಲಿಗೆ ಹೊಂಟಿ?" ಎಂದೆ.

"ಆರಕ್ಕ ಇನ್ನೂ ನಾಕು ತಾಸು ಐತಲ್ರಿ" ಎಂದು ನಕ್ಕ. ಗಾಡಿ ಸರಿಯಿತು. ತಿರುಗಿ ನೋಡಿದಾಗ ಅವನು ಗೇಟಿನ ಕಡೆ ನಿಧಾನವಾಗಿ ನಡೆದಿದ್ದ, ಅವಸರವಿಲ್ಲದವರ ನಡಿಗೆ.

ಸೊಲ್ಲಾಪುರ, ಇಂಡಿ ದಾಟಿ ಸಿಂದಗಿಗೆ ಬಂದೆ. ಇದ್ದದ್ದು ಇದ್ದ ಹಾಗೆ ಹೇಳಿದೆ: ಮುಂಬೈಯಲ್ಲಿ ಹಗೇವಿಲ್ಲ, ಎತ್ತಿಲ್ಲ, ಮನೆಯಿಲ್ಲ, ಅರ್ಧ ಹಾಸಿಗೆ. ಸೂಟಿಯ ದಿನ ಆರರ ತನಕ ಹೊರಗಿರುತ್ತಾನೆ, ಚಿತ್ರದೊಳಗಿನ ನಾಯಿ ಹುಡುಕುತ್ತಾನೆ. ಯಾಕೆಂಬುದನ್ನೂ ಹೇಳಿದೆ, ಜ್ವರದ ಸಂಗತಿಯನ್ನೂ ಹೇಳಿದೆ.

ತಂಗಿ ಸೆರಗು ಬಾಯಿಗೊತ್ತಿಕೊಂಡಳು. "ಅರ್ಧ ಹಾಸಿಗಿಗೆ ಹೆಣ್ಣು ಕೊಡೂದೇನಣ್ಣಾ?"

ಹುಡುಗ ಚಿನ್ನ ನಿಜ, ಆದರೆ ಚಿನ್ನದ ಮೇಲೆ ಮಲಗಲಾಗುವುದಿಲ್ಲ. ನೀಲಾ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಕೈ ನಿಲ್ಲಿಸಿ ಮೊರ ಕೆಳಗಿಟ್ಟಳು. ಆಮೇಲೆ ತಲೆ ಎತ್ತಿದಳು.

"ಮಾಮಾ, ನಾ ಹ್ವಾದ ಮ್ಯಾಲೆ ಮೈಬೂಬಸಾಬ್ರು ಹಗಲೊತ್ತು ಎಲ್ಲಿ ಮಲಗ್ತಾರ?"

ಹೋಗುವಾಗ ನೂರು ಪ್ರಶ್ನೆ ಕಟ್ಟಿಕೊಂಡು ಹೋಗಿದ್ದೆ. ಅದೊಂದನ್ನು ಕೇಳಬೇಕೆಂದು ನನಗೆ ತೋಚಿರಲಿಲ್ಲ. ತಂಗಿಯನ್ನು ಒಪ್ಪಿಸಿ, ಮರುದಿನ ಮುಂಜಾನೆ ಮಾತು ಕೊಡಲು ಬಾಗೇವಾಡಿಯ ಬಸ್ಸು ಹತ್ತಿದೆ. ಕಂಡಕ್ಟರ್ ಕೊಟ್ಟ ಟಿಕೆಟ್ಟನ್ನು ನೋಡದೆ ಕಿಸೆಗೆ ಹಾಕಿಕೊಂಡೆ.