ಹಸಿದು ಹೋದ ಜಟ್ಟಿಯ ಹೆಂಡತಿ ನಾಗು

ಕಾಗಾಲದ ನಾಗು ಗೌಡಳ ಮನೆಯಿಂದ ಹಸಿದು ಹಿಂದಿರುಗಿದವರನ್ನು ಯಾರೂ ಕಂಡಿಲ್ಲ. ಕರೆಂಟಿನ ಮೀಟರ್ ನೋಡಲು ಬಂದವನಿಗೂ ಕಗ್ಗ ಅಕ್ಕಿಯ ಗಂಜಿ, ಸುಟ್ಟ ಒಣಮೀನು. ಬೇಡ ಅಂದರೆ ಬೈಗುಳವೂ ಉಂಟು. ಅಂಥವಳು ಕಟ್ಟಿಕೊಂಡ ಗಂಡನನ್ನೇ ಖಾಲಿ ಹೊಟ್ಟೆಯಲ್ಲಿ ಕಳಿಸಿಬಿಟ್ಟಳಲ್ಲ!

ಎರಡು ವರ್ಷದ ಹಿಂದಿನ ಮಾತು. ಜಟ್ಟಿಯ ಹೃದಯ ಸೋತಿತ್ತು. ಮಗಳು ಹೇಮಾ ಸಂಶೋಧನೆ ಮಾಡುವ ಆಸ್ಪತ್ರೆಯಲ್ಲೇ ಆಪರೇಷನ್. ಅಂದು ಬೆಳಿಗ್ಗೆ ಅವನು ಒಂದು ಗುಟುಕು ಗಂಜಿತೆಳಿ ಕೊಡೇ ಎಂದು ಅಂಗಲಾಚಿದ. ಏನೂ ಕೊಡಬಾರದೆಂದು ನರ್ಸ್ ಹೇಳಿದ್ದಳು. ಬಂದ ಮೇಲೆ ಉಣ್ಣುವಿರಂತೆ ಎಂದು ನಾಗು ಡಬ್ಬಿ ಮುಚ್ಚಿದಳು. ಜಟ್ಟಿ ಬರಲೇ ಇಲ್ಲ. ಆಮೇಲೆ ಎಷ್ಟು ಎಡೆ ಇಟ್ಟರೂ ಅವಳಿಗೆ ಸಮಾಧಾನವಿಲ್ಲ. ಒಮ್ಮೆ, ಒಂದೇ ಒಮ್ಮೆ ಅವನ ಬಾಳೆಗೆ ಬಡಿಸಿ ಎದುರು ಕೂರುವ ಆಸೆ ಜೀವ ಹಿಂಡುತ್ತಿತ್ತು.

ಈ ಸಲ ರಜೆಗೆ ಬಂದ ಹೇಮಾ, ಎಡೆಯ ಮುಂದೆ ಅಳುತ್ತಿದ್ದ ಅವ್ವಿಯನ್ನು ನೋಡಲಾರದೆ ಬಾಯಿ ಬಿಟ್ಟಳು. ಆಪರೇಷನ್‌ನಲ್ಲಿ ಕತ್ತರಿಸಿ ತೆಗೆದ ಉಗುರಿನಷ್ಟು ಹೃದಯದ ಚೂರು ಹೇಮಾಳ ಲ್ಯಾಬಿಗೆ ಬಂದಿತ್ತಂತೆ. ಅಪ್ಪನೇ ಮೊದಲು ಸಹಿ ಹಾಕಿ ಒಪ್ಪಿದ್ದ. ಅಂಥ ಚೂರನ್ನು ಬೆಚ್ಚಗಿನ ದ್ರವದಲ್ಲಿ ಜೀವಂತ ಇಟ್ಟು, ಕಾರ್ಬನ್-13 ಎಂಬ ತುಸು ಭಾರದ ಇಂಗಾಲವಿರುವ ಸಕ್ಕರೆ ಕೊಡುತ್ತಾರೆ. ಆ ಇಂಗಾಲ ಎಲ್ಲಿ ಸೇರಿತೆಂದು ದೊಡ್ಡ ಅಯಸ್ಕಾಂತದ ಯಂತ್ರ ಗೆರೆ ಎಳೆದು ತೋರಿಸುತ್ತದೆ. ಹೃದಯ ಸಕ್ಕರೆಯನ್ನು ಉರಿಸಿ ಶಕ್ತಿ ಮಾಡಿಕೊಂಡಿದ್ದರೆ ಗೆರೆ ಮೇಲೇಳುತ್ತದೆ. ಚೂರಿಗೆ ಹೆಸರಿಲ್ಲ, ನಂಬರ್ ಮಾತ್ರ. ಆದರೆ ಆ ದಿನ ಬಂದದ್ದು ಒಂದೇ.

ಯಂತ್ರದ ಪುರಾಣ ನಾಗುವಿಗೆ ಯಾಕೆ?

"ಉಂಡ್ರಾ ಅವ್ರು?" ಎಂದಳು.

"ಅಪ್ಪನ ಎದೆ ಉಂಡಿತ್ತು ಅವ್ವಿ. ಒಂದು ತಾಸು. ಗೆರೆ ಚಲೋ ಎದ್ದಿತ್ತು."

ನಾಗು ಸೆರಗಿನಿಂದ ಮುಖ ಒರೆಸಿಕೊಂಡಳು. ತುಸು ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಬೇಕು. ಬಡಿಸಿದ್ದು ಯಾರು ಎಂದು ಕೇಳಿದಳು. ತನ್ನ ಜೊತೆ ಕೆಲಸ ಮಾಡುವ ಸುಚಿತಾ ಎಂದಳು ಹೇಮಾ. ಹೇಮಾ ಆಗ ಆಪರೇಷನ್ ಕೋಣೆಯ ಬಾಗಿಲಲ್ಲಿ ಅವ್ವಿಯ ಕೈ ಹಿಡಿದು ಕೂತಿದ್ದಳು.

ನಾಗು ಎಡೆಯ ಮುಂದಿನಿಂದ ಎದ್ದಳು.

"ಆ ಕೂಸಿನ ಕರ್ಕಂಡ್ ಬಾ," ಎಂದಳು. "ಅವ್ರಿಗೆ ಬಡಿಸೂದು ನಂಗೆ ಇನ್ನಿಲ್ಲ. ಅವ್ಳಿಗಾದ್ರೂ ನಾ ಕೈಯಾರೆ ಬಡಿಸ್ತೆ."